ತಣ್ಣೀರಿನ ಬುಟ್ಟಿ

ಬೆಳಗಿನ ಐದೂ ಮುಕ್ಕಾಲು. ಹೆರಿಗೆ ಆಸ್ಪತ್ರೆಯ ಹಿಂಬದಿಯ ಒಗೆಯುವ ಕೋಣೆಯಲ್ಲಿ ಟ್ಯೂಬ್‌ಲೈಟ್ ಇದೆ, ಉರಿಯುತ್ತಿಲ್ಲ. ಕೆಟ್ಟಿಲ್ಲ, ಬೇಕೆಂದೇ ಆರಿಸಿದ್ದು. ಕಿಟಕಿಯ ಕೆಳಗಿನ ಎತ್ತರದ ಮೇಜಿನ ಮುಂದೆ ಐವತ್ತೆಂಟರ ಹೆಂಗಸೊಬ್ಬರು ಕೈಕಟ್ಟಿಕೊಂಡು ನಿಂತಿದ್ದಾರೆ, ಬಸ್ಸಿಗೆ ಕಾಯುವವರ ಹಾಗೆ. ಅವರು ಕಾಯುತ್ತಿರುವುದು ಸೂರ್ಯನಿಗೆ. ಗೋಡೆಯುದ್ದಕ್ಕೂ ಮೂವತ್ತೆಂಟು ಬೆತ್ತದ ಬುಟ್ಟಿಗಳು ಸಾಲಾಗಿ ಕೂತಿವೆ. ಒಂದೊಂದರಲ್ಲೂ ಒಂದೊಂದು ಮಗುವಿನ ಒಂದು ದಿನದ ಬಟ್ಟೆ. ವಾಸನೆಯ ಬಗ್ಗೆ ಬರೆಯುವ ಅಗತ್ಯವಿಲ್ಲ, ಓದುಗರೆಲ್ಲರೂ ಒಂದು ಕಾಲಕ್ಕೆ ಮಕ್ಕಳಾಗಿದ್ದವರೇ.

"ಟ್ಯೂಬ್‌ಲೈಟ್ ಬೆಳಕಲ್ಲಿ ಹಳದಿ ಹಸಿರಾಗುತ್ತೆ, ಕಂದು ಕಪ್ಪಾಗುತ್ತೆ, ಕೆಂಪಂತೂ ಕಾಣೋದೇ ಇಲ್ಲ," ಎನ್ನುತ್ತಾರೆ ಅವರು. "ಸೂರ್ಯ ಸುಳ್ಳು ಹೇಳಲ್ಲ. ತಡ ಮಾಡ್ತಾನೆ, ಅಷ್ಟೆ."

ಒಳಗಿನಿಂದ ಅವರ ನಾದಿನಿಯ ದನಿ ಬರುತ್ತದೆ. ಹಂಡೆಯ ಉಸ್ತುವಾರಿ ಆಕೆಯದು. "ಅತ್ತಿಗೆ, ನೀರು ಆಗಲೇ ಕುದೀತಾ ಇದೆ. ನಿಮ್ಮ ಸೂರ್ಯ ಇವತ್ತು ರಜೆ ಹಾಕಿದಾನಾ?"

"ನಿನ್ನ ಹಾಗಲ್ಲ ಅವನು. ರಜೆ ಹಾಕಿದ್ರೂ ಹೇಳಿ ಹಾಕ್ತಾನೆ. ಸುಮ್ನಿರೇ."

ಆಸ್ಪತ್ರೆಯವರೆಲ್ಲ ಇವರನ್ನು ಕರೆಯುವುದು ಸೋಪಕ್ಕ ಎಂದು. ಹಾಜರಿ ಪುಸ್ತಕದಲ್ಲಿ ಬೇರೇನೋ ಹೆಸರಿದೆಯಂತೆ. ಆ ಹೆಸರಿನಿಂದ ಯಾರಾದರೂ ಕೂಗಿದರೆ ತಾನು ತಿರುಗಿ ನೋಡುವುದಿಲ್ಲ ಎಂದು ಅವರೇ ಒಪ್ಪಿಕೊಳ್ಳುತ್ತಾರೆ. ಮೊದಲ ಬೆಳಕು ಮೇಜಿನ ಮೇಲೆ ಬಿದ್ದೊಡನೆ ಅವರು ಮಾಡುವ ಮೊದಲ ಕೆಲಸ ವಿಚಿತ್ರವಾಗಿದೆ. ಸಾಲಿನ ನಡುವಿನಿಂದ ಹಳದಿ ದಾರ ಕಟ್ಟಿದ ಒಂದು ಬುಟ್ಟಿಯನ್ನು ಎಳೆಯುತ್ತಾರೆ, ಮುಚ್ಚಳ ತೆಗೆಯಲು ಕೈ ಹಾಕುತ್ತಾರೆ, ಕೈ ಹಿಂದೆ ತೆಗೆದು ಅದನ್ನು ಸಾಲಿನ ಕೊನೆಗೆ ನೂಕುತ್ತಾರೆ.

"ಅದನ್ನ ಮೊದಲು ನೋಡಿದ್ರೆ ಮಿಕ್ಕ ಮೂವತ್ತೇಳು ಕಣ್ಣಿಗೆ ಕಾಣಲ್ಲ," ಅನ್ನುವುದು ಅವರ ಸಮಜಾಯಿಷಿ.

ಹಳದಿ ದಾರದ ಬುಟ್ಟಿ ಹನ್ನೊಂದು ತಿಂಗಳ ಹೆಣ್ಣುಮಗುವಿನದು. ಈ ಮಗುವಿನ ಅಮ್ಮ, ನಡುವಿನ ಒಂದೆರಡು ಸಲ ಬಿಟ್ಟರೆ, ಸುಮಾರು ಹತ್ತು ತಿಂಗಳು ಹಾಲು, ಮೊಸರು, ಬೆಣ್ಣೆ, ಹಾಲು ಬೆರೆತ ಒಂದು ಬಿಸ್ಕತ್ತನ್ನೂ ಮುಟ್ಟಿರಲಿಲ್ಲ. ಆಕೆ ಕುಡಿದ ಹಸುವಿನ ಹಾಲು ಎದೆಹಾಲಿನ ದಾರಿಯಲ್ಲಿ ಹೋಗಿ ಮಗುವಿನ ಕರುಳನ್ನು ಕೆರಳಿಸುತ್ತಿತ್ತು. ಎರಡು ತಿಂಗಳಿಂದ ಡಾಕ್ಟರ ಮಾತಿನಂತೆ ಮೆಟ್ಟಿಲು ಮೆಟ್ಟಿಲಾಗಿ ಹಾಲು ಮನೆಯೊಳಕ್ಕೆ ವಾಪಸು ಬರುತ್ತಿದೆ. ಮೊದಲು ಮಗುವಿಗೆ ಬಿಸ್ಕತ್ತಿನ ಒಂದು ಚೂರು, ಆಮೇಲೆ ಇಡೀ ಬಿಸ್ಕತ್ತು, ಆಮೇಲೆ ಚಮಚ ಮೊಸರು. ಎರಡು ವಾರದಿಂದ ತಾಯಿಗೆ ಲೋಟದಲ್ಲಿ ಹಾಲು, ಮಗುವಿಗೂ ಪುಟ್ಟ ಬಟ್ಟಲಲ್ಲಿ ಹಾಲು. ಇವತ್ತು ಹದಿನಾಲ್ಕನೆಯ ಬೆಳಗು. ಇವತ್ತಿನ ಬಟ್ಟೆಯೂ ಸ್ವಚ್ಛವಾಗಿದ್ದರೆ ಮಗು ಗೆದ್ದಂತೆ. ಕೆಂಪು ಎಳೆ ಒಂದು ಕಂಡರೂ ಮತ್ತೆ ಆರು ತಿಂಗಳ ಪಥ್ಯ. ಈ ತೀರ್ಪು ಹೊರಬೀಳುವುದು ಲ್ಯಾಬಿನಲ್ಲಲ್ಲ, ಈ ಕಿಟಕಿಯ ಕೆಳಗೆ.

ಅಷ್ಟರಲ್ಲಿ ಮಿಕ್ಕ ಮೂವತ್ತೇಳು ಬುಟ್ಟಿಗಳಿವೆ. ಹೆರಿಗೆಯಾಗಿ ಮನೆಗೆ ಹೋದ ತಾಯಂದಿರಿಗೆ ಎರಡು ತಿಂಗಳ ಕಾಲ ಮಗುವಿನ ಬಟ್ಟೆ ಒಗೆದು ಕೊಡುವುದು ಈ ಆಸ್ಪತ್ರೆಯ ಹಳೆಯ ಪದ್ಧತಿ. ಬೆಳಗಾಗುವ ಮುಂಚೆ ಬುಟ್ಟಿ ಬರುತ್ತದೆ, ಸಂಜೆ ಮಡಿಸಿದ ಬಟ್ಟೆ ಹೋಗುತ್ತದೆ. ಬುಟ್ಟಿಗೆ ಹನ್ನೆರಡೋ ಹದಿಮೂರೋ ನ್ಯಾಪಿ. ದಿನಕ್ಕೆ ಐನೂರಕ್ಕೆ ಇಪ್ಪತ್ತೋ ಮೂವತ್ತೋ ಕಡಿಮೆ. ಎರಡು ದೊಡ್ಡ ಮಷೀನು, ಒಂದು ತಾಮ್ರದ ಹಂಡೆ, ಮೂರು ಸಿಮೆಂಟಿನ ತೊಟ್ಟಿ, ತಾರಸಿಯ ಮೇಲೆ ಹದಿನಾರು ಸಾಲು ಹಗ್ಗ. ಇಷ್ಟಕ್ಕೆ ಇಬ್ಬರು ಹೆಂಗಸರು. ಸೋಪಕ್ಕ ಬಂದು ಇಪ್ಪತ್ತಾರು ವರ್ಷ. ಅದಕ್ಕೆ ಮುಂಚೆ ಒಂದು ದೊಡ್ಡ ಹೋಟೆಲಿನಲ್ಲಿ ಮೇಜಿನ ಬಟ್ಟೆ ಒಗೆಯುತ್ತಿದ್ದರು.

"ದೊಡ್ಡವರ ಬಟ್ಟೆ ಒಗೆಯೋದು ಕಷ್ಟ," ಎನ್ನುತ್ತಾ ಅವರು ಒಂದು ನ್ಯಾಪಿಯನ್ನು ಬೆಳಕಿಗೆ ಹಿಡಿಯುತ್ತಾರೆ. "ಏನು ಚೆಲ್ಲಿದ್ರು ಅಂತ ಕೇಳಿದ್ರೆ ಸುಳ್ಳು ಹೇಳ್ತಾರೆ. ಈ ಮಕ್ಕಳು ನೋಡಿ, ಇದ್ದದ್ದು ಇದ್ದ ಹಾಗೆ ಹೇಳಿಬಿಡ್ತವೆ. ಇದು ಸರಿಯಾಗಿ ಕುಡೀತಾ ಇದೆ. ಇದು ನಿನ್ನೆ ಯಾಕೋ ಕಡಿಮೆ ಕುಡಿದಿದೆ. ಇದಕ್ಕೆ ಹನಿ ಮದ್ದು ಕೊಟ್ಟಿದಾರೆ, ವಾಸನೆ ಬರ್ತಾ ಇದೆ."

ಪ್ರತಿ ಬುಟ್ಟಿಗೂ ಒಂದು ಬಣ್ಣದ ದಪ್ಪ ನೂಲಿನ ದಾರವಿದೆ, ಮೊಳದುದ್ದ. ಈ ಕೋಣೆಯಲ್ಲಿ ಮಕ್ಕಳಿಗೆ ಬೇರೆ ಗುರುತಿಲ್ಲ. ಕೆಂಪು, ನೀಲಿ, ನೀಲಿಬಿಳಿ, ಹಸಿರುಕಪ್ಪು. ರಕ್ತ ತಾಗಿದ ಬಟ್ಟೆ ಕಂಡರೆ ಸೋಪಕ್ಕ ಆ ಬುಟ್ಟಿಯ ದಾರಕ್ಕೆ ಒಂದು ಗಂಟು ಹಾಕುತ್ತಾರೆ. ಗಂಟಿದ್ದ ಬುಟ್ಟಿ ಮೊದಲು ತಣ್ಣೀರಿನ ತೊಟ್ಟಿಗೆ, ಗಂಟಿಲ್ಲದ್ದು ಸೀದಾ ಹಂಡೆಗೆ. ರಕ್ತವನ್ನು ಬಿಸಿನೀರಿಗೆ ಹಾಕಿದರೆ ಕಂದುಬಣ್ಣಕ್ಕೆ ತಿರುಗಿ ಬಟ್ಟೆಯಲ್ಲೇ ಮನೆ ಮಾಡಿಬಿಡುತ್ತದೆ. ಒಂದು ದಿನಕ್ಕೆ ರಕ್ತ ತಾಗಿದ ಬಟ್ಟೆ ಎಷ್ಟೋ ಅಷ್ಟು ಗಂಟು. ಮಾರನೆಯ ದಿನದ್ದಕ್ಕೆ ಒಂದು ಬೆರಳು ಜಾಗ ಬಿಟ್ಟು ಶುರು. ನಿನ್ನೆಯ ಗಂಟನ್ನು ಇವತ್ತಿನದೆಂದುಕೊಂಡು ನಾದಿನಿ ಎಲ್ಲವನ್ನೂ ತಣ್ಣೀರಿಗೆ ಸುರಿದುಬಿಟ್ಟ ಒಂದು ಐತಿಹಾಸಿಕ ದಿನದ ನಂತರ ಬಂದ ಸುಧಾರಣೆ ಇದು.

ಹಾಕಿದ ಗಂಟನ್ನು ಸಂಜೆ ಬಿಚ್ಚಬಹುದಲ್ಲ?

"ಯಾವ ಉಗುರಲ್ಲಿ ಬಿಚ್ಚಲಿ?" ಸೋಪಕ್ಕ ಎರಡೂ ಕೈ ಮುಂದೆ ಚಾಚುತ್ತಾರೆ. ಬೆರಳ ತುದಿಗಳು ಬಹಳ ಹೊತ್ತು ನೆನೆದ ಕಾಗದದಂತಿವೆ. ಉಗುರುಗಳನ್ನು ಒಗೆಯುವ ಸೋಡಾ ಎಂದೋ ತಿಂದು ಮುಗಿಸಿದೆ. ಚಳಿಗಾಲದಲ್ಲಿ ಗೆಣ್ಣುಗಳು ಬಿರುಕು ಬಿಡುತ್ತವೆ. ಸೊಂಟದ ಬಗ್ಗೆ ಕೇಳಿದರೆ "ಇದೆ" ಎನ್ನುತ್ತಾರೆ, ಅಷ್ಟೆ. ಬೀಗ ರಿಪೇರಿ ಮಾಡುವ ಗಂಡ ಮನೆಯಲ್ಲಿ ಅಡುಗೆ ನೋಡಿಕೊಳ್ಳುತ್ತಾರೆ. ಬಾಟಲಿಯ ಮುಚ್ಚಳವನ್ನು ಹೆಂಡತಿಯ ಬೆರಳು ತಿರುಗಿಸಲಾರವು, ಬೀಗದ ಕೈ ತಿರುಗಿಸಿದ ಬೆರಳಿಗೆ ಅದು ಯಾವ ಮಹಾ ಎನ್ನುವುದು ಅವರ ವಾದ. ಮದುವೆಯಾಗಿ ಬೇರೆ ಊರಲ್ಲಿರುವ ಮಗಳು ತನ್ನ ಕೂಸಿಗೆ ಬಿಸಾಡುವ ಡೈಪರ್ ಹಾಕುತ್ತಾಳೆ. ಈ ಮನೆಯ ಏಕೈಕ ಸೈದ್ಧಾಂತಿಕ ಭಿನ್ನಾಭಿಪ್ರಾಯ ಅದು. "ಬಿಸಾಕೋ ಮುಂಚೆ ಬಿಚ್ಚಿ ನೋಡ್ತೀಯೇನೇ ಅಂತ ಫೋನಲ್ಲಿ ಕೇಳ್ತೀನಿ. ಅಮ್ಮಾ, ನಾನು ಊಟಕ್ಕೆ ಕೂತಿದೀನಿ ಅಂತಾಳೆ. ಯಾವಾಗ ಕೇಳಿದ್ರೂ ಊಟಕ್ಕೇ ಕೂತಿರ್ತಾಳೆ."

ಆಸ್ಪತ್ರೆಯ ಮುಂಬಾಗಿಲಲ್ಲಿ ಪ್ರತಿ ವರ್ಷ ಸಿಬ್ಬಂದಿಯ ಗುಂಪುಚಿತ್ರ ತೆಗೆಯುತ್ತಾರೆ. ಹಗಲು ಹನ್ನೊಂದಕ್ಕೆ. ಆ ಹೊತ್ತಿಗೆ ಒಗೆಯುವವರಿಬ್ಬರೂ ತಾರಸಿಯ ಮೇಲೆ ಬಟ್ಟೆ ಹರವುತ್ತಿರುತ್ತಾರಾದ್ದರಿಂದ ಇಪ್ಪತ್ತಾರು ಚಿತ್ರಗಳಲ್ಲಿ ಒಂದರಲ್ಲೂ ಇಲ್ಲ. ಚಿತ್ರದಲ್ಲಿರುವ ಪ್ರತಿಯೊಬ್ಬರೂ ಅವರು ಬೆಳ್ಳಗೆ ಮಾಡಿಕೊಟ್ಟ ಕೋಟಿನಲ್ಲಿ ನಿಂತು ನಗುತ್ತಿರುವುದು ಬೇರೆ ಮಾತು.

ಹಳದಿ ದಾರದ ಕಥೆ ಶುರುವಾಗುವುದು ಈ ಬಿಳುಪಿನಿಂದಲೇ. ಮಗುವಿಗೆ ಆಗ ಇಪ್ಪತ್ತಮೂರು ದಿನ. ತಾಯಿ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವಳು, ಹೆರಿಗೆ ರಜೆಯಲ್ಲಿದ್ದಳು. ಸಣ್ಣಕ್ಷರದ ವಿಳಾಸ ಓದಿ ಪಳಗಿದ ಕಣ್ಣು. ಮಗುವಿನ ಬಟ್ಟೆಯಲ್ಲಿ ಲೋಳೆ, ಲೋಳೆಯಲ್ಲಿ ಕೂದಲಿನಷ್ಟು ಸಣ್ಣ ಕೆಂಪು ಎಳೆ ಕಂಡಳು. ಅತ್ತೆಗೆ ತೋರಿಸಿದಳು. ಅತ್ತೆ ಕನ್ನಡಕ ಹಾಕದೆಯೇ ನೋಡಿ ತೀರ್ಮಾನ ಕೊಟ್ಟರು. "ನಿದ್ದೆಗೆಟ್ಟು ನಿನ್ನ ಕಣ್ಣು ಕೆಂಪಾಗಿದೆ, ಅದಕ್ಕೆ ಕಂಡಿದ್ದೆಲ್ಲ ಕೆಂಪು." ಮಗು ಸಂಜೆಯಾದರೆ ಕಾಲು ಮಡಚಿಕೊಂಡು ಕಿರುಚುತ್ತಿತ್ತು. ಕುಡಿಯುತ್ತ ಕುಡಿಯುತ್ತ ಎದೆ ಬಿಟ್ಟು ಬೆನ್ನು ಬಿಲ್ಲಾಗಿಸುತ್ತಿತ್ತು. ನಿನ್ನ ಹಾಲೇ ಮಗುವಿಗೆ ಒಗ್ಗುತ್ತಿಲ್ಲ ಎಂದು ನಾಲ್ಕು ಜನ ಹೇಳಿದರು. ಐದನೆಯವರಾದ ಅತ್ತೆ ಹೇಳಲಿಲ್ಲ. ಅಂಗಡಿಗೆ ಹೋಗಿ ಡಬ್ಬಿ ಹಾಲಿನ ಪುಡಿ ತಂದು ಅಡುಗೆಮನೆಯ ಶೆಲ್ಫಿನಲ್ಲಿಟ್ಟರು. ಶುಕ್ರವಾರ ಸಂಜೆಯಿಂದ ಎದೆಹಾಲು ನಿಲ್ಲಿಸಿ ಡಬ್ಬಿ ಶುರು ಮಾಡುವುದೆಂದು ಗೊತ್ತಾಯಿತು. ಆ ಡಬ್ಬಿಯ ಪುಡಿ ಹಸುವಿನ ಹಾಲಿನದು.

ತಾಯಿಗೆ ಮಗುವನ್ನು ಎದೆಯಿಂದ ಬಿಡಿಸುವ ಮನಸ್ಸಿಲ್ಲ. ಶುಕ್ರವಾರ ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ಮಕ್ಕಳ ಡಾಕ್ಟರಮ್ಮನ ಹತ್ತಿರ ಬಂದಳು. ಡಾಕ್ಟರಮ್ಮ ಮಗುವನ್ನು ಬಿಚ್ಚಿ ನೋಡಿದರು. ಹೊಟ್ಟೆ ಮೆತ್ತಗಿದೆ, ತೂಕ ಒಂದಿಷ್ಟು ನಿಧಾನ, ಕೆನ್ನೆಯ ಮೇಲೆ ಒರಟು ಕೆಂಪು ಪಟ್ಟೆ, ಮಲದ್ವಾರದಲ್ಲಿ ಸೀಳೇನೂ ಇಲ್ಲ. ಪರೀಕ್ಷೆಯ ಮೇಜಿನ ಮೇಲೆ ಮಗು ನಕ್ಷತ್ರದ ಹಾಗೆ ಕೈಕಾಲು ಚಾಚಿ ಮಲಗಿತ್ತು, ಏನೂ ಗೊತ್ತಿಲ್ಲದ ಹಾಗೆ. "ಕೆಂಪು ಕಂಡ ಬಟ್ಟೆ ತಂದಿದೀರಾ?" ಎಂದರು. ತಂದಿರಲಿಲ್ಲ. ಆ ದಿನದ ಬುಟ್ಟಿ ಆಗಲೇ ಒಗೆಯುವ ಕೋಣೆಗೆ ಹೋಗಿತ್ತು.

"ಓಡಿ ಬಂದಳು," ಎಂದು ಸೋಪಕ್ಕ ನೆನೆಯುತ್ತಾರೆ. "ಮಗು ಕಂಕುಳಲ್ಲಿ. ಏದುಸಿರು. ನನ್ನ ಮಗುವಿನ ಬಟ್ಟೆ ಎಲ್ಲಿ ಸೋಪಕ್ಕ ಅಂದಳು. ನನಗೆ ಖುಷಿಯಾಯ್ತು. ಯಾರೂ ಬಂದು ಕೇಳಲ್ಲ ನೋಡಿ. ಒಗೆದಾಗಿತ್ತು, ತಾರಸಿಗೆ ಹೋಗೋದ್ರಲ್ಲಿತ್ತು, ತೆಗೆದು ಕೈಗಿಟ್ಟೆ. ನೋಡಮ್ಮ, ಹಾಲಿನ ಹಾಗೆ ಬಿಳುಪು, ಒಂದು ಕಲೆ ತೋರಿಸು ಅಂದೆ. ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತಳು."

"ಅತ್ತಿಗೆ ಏನಂದುಕೊಂಡ್ರು ಗೊತ್ತಾ?" ನಾದಿನಿ ಹಂಡೆಯ ಬದಿಯಿಂದಲೇ ಬಾಯಿ ಹಾಕುತ್ತಾಳೆ. "ಬಟ್ಟೆ ಅಷ್ಟು ಚೆನ್ನಾಗಿ ಒಗೆದಿದೀನಿ ಅಂತ ಸಂತೋಷಕ್ಕೆ ಅಳ್ತಾ ಇದಾಳೆ ಅಂದುಕೊಂಡ್ರು! ನನ್ನ ಕರೆದು ಬೇರೆ ತೋರಿಸಿದ್ರು!"

"ಹೌದು ಕಣೇ, ಅಂದುಕೊಂಡೆ. ಆಗಲೇ ಇಪ್ಪತ್ತೈದು ವರ್ಷ ಒಗೆದಿದ್ದೆ, ಒಬ್ಬರಾದ್ರೂ ಅಳಬಾರದಾ?"

ವಿಷಯ ಗೊತ್ತಾದ ಮೇಲೆ ನಗು ಬರಲಿಲ್ಲ. ಆ ಎಳೆಗಳನ್ನು ಸೋಪಕ್ಕ ನೋಡಿದ್ದರು. ನೋಡಿ, ಏನು ಮಾಡಬೇಕೋ ಅದನ್ನು ಮಾಡಿದ್ದರು. "ಹೆರಿಗೆ ಆಸ್ಪತ್ರೆಯಲ್ಲಿ ರಕ್ತ ಕಂಡು ಯಾರು ಗಾಬರಿಯಾಗ್ತಾರೆ? ದಿನಾ ಬರುತ್ತೆ. ತಾಯಂದಿರ ಎದೆತೊಟ್ಟು ಒಡೆದಿರುತ್ತೆ, ಮಗುವಿನ ಬಾಯಿ ಒರೆಸಿರ್ತಾರೆ, ಹೊಕ್ಕುಳು ಹಸಿ ಇರುತ್ತೆ. ಯಾರದ್ದು ಎಲ್ಲಿಂದ ಅಂತ ಕೇಳೋದು ನನ್ನ ಕೆಲಸ ಅಲ್ಲ, ತೆಗೆಯೋದು ನನ್ನ ಕೆಲಸ ಅಂದುಕೊಂಡಿದ್ದೆ. ತಣ್ಣೀರಿಗೆ ಹಾಕಿದೆ, ತೆಗೆದೆ." ಮುಂದಿನ ನ್ಯಾಪಿಯನ್ನು ಬಿಡಿಸುತ್ತಾ ಸೇರಿಸುತ್ತಾರೆ, "ಬಹಳ ಚೆನ್ನಾಗಿ ತೆಗೆದಿದ್ದೆ."

ಅವಳು ಹಾಗೆ ಮೆಟ್ಟಿಲ ಮೇಲೆ ಕೂತು ಅಳುತ್ತಿರುವಾಗ ಸೋಪಕ್ಕ ಆ ಬುಟ್ಟಿಯ ದಾರವನ್ನು ಸವರುತ್ತಿದ್ದರಂತೆ. ಬೆರಳಿಗೆ ಗಂಟು ಸಿಕ್ಕಿತು. ಇನ್ನೊಂದು ಸಿಕ್ಕಿತು. ಬಿಚ್ಚದೆ ಉಳಿದ ಗಂಟುಗಳು. ಮೊದಲು ಒಂದು, ಬೆರಳು ಜಾಗ, ಎರಡು, ಬೆರಳು ಜಾಗ, ಎರಡು, ಬೆರಳು ಜಾಗ, ಮೂರು. ಬಟ್ಟೆಯಿಂದ ಹೋದದ್ದು ದಾರದಲ್ಲಿ ಉಳಿದುಕೊಂಡಿತ್ತು. ಸೋಪಕ್ಕ ದಾರ ಬಿಚ್ಚಿ ಕೈಗೆ ಸುತ್ತಿಕೊಂಡರು. "ಏಳಮ್ಮ. ನಡಿ."

ಒಗೆಯುವ ಕೋಣೆಯಿಂದ ಡಾಕ್ಟರ ಕೋಣೆಗೆ ನಲವತ್ತು ಹೆಜ್ಜೆ. ಸೋಪಕ್ಕ ಆ ಹಜಾರಕ್ಕೆ ಕಾಲಿಟ್ಟದ್ದು ಅದೇ ಮೊದಲು. ಬರಿಗಾಲಿನ ಒದ್ದೆ ಗುರುತು ಆಗಷ್ಟೇ ಒರೆಸಿದ ನೆಲದ ಮೇಲೆ ಉದ್ದಕ್ಕೂ ಬಿತ್ತು. ನೆಲ ಒರೆಸುವಾಕೆ ಹಿಂದೆಯೇ ಬೈದುಕೊಂಡು ಬಂದಳಂತೆ.

ಡಾಕ್ಟರಮ್ಮನಿಗೆ ಆ ದಿನ ಚೆನ್ನಾಗಿ ನೆನಪಿದೆ. "ಮೇಜಿನ ಮೇಲೆ ಒಂದು ದಾರ ಇಟ್ಟರು. ಇದೇನು ಅಂದೆ. ನಾಲ್ಕು ದಿನದ ಬಟ್ಟೆ ಅಂದರು. ರಕ್ತವೇ ಅಂತ ಹೇಗೆ ಗೊತ್ತು ಅಂದೆ. ಅದಕ್ಕೆ ಅವರು ಕೊಟ್ಟ ಉತ್ತರವನ್ನ ನಾನು ಈಗಲೂ ಹೊಸ ಡಾಕ್ಟರುಗಳಿಗೆ ಹೇಳ್ತೀನಿ."

ಉತ್ತರವನ್ನು ಸೋಪಕ್ಕನೇ ಮತ್ತೆ ಹೇಳುತ್ತಾರೆ. "ಬೀಟ್‌ರೂಟ್ ಆದ್ರೆ ಬರೀ ತಣ್ಣೀರಿಗೆ ಬಗ್ಗಲ್ಲ. ಔಷಧಿ ಬಣ್ಣ ಆದ್ರೆ ನಿಂಬೆಹುಳಿ ಕೇಳುತ್ತೆ. ತುಕ್ಕು ಆದ್ರೆ ಯಾತಕ್ಕೂ ಹೋಗಲ್ಲ. ತಣ್ಣೀರಿಗೆ ಮರ್ಯಾದೆ ಕೊಟ್ಟು ತಾನಾಗೇ ಎದ್ದು ಹೋಗೋದು ರಕ್ತ ಒಂದೇ."

ಡಾಕ್ಟರಮ್ಮ ದಾರವನ್ನೇ ನಂಬಿ ಕೂರಲಿಲ್ಲ. ಮಾರನೆಯ ಬೆಳಗಿನ ಬಟ್ಟೆಯನ್ನು ಒಗೆಯದೆ ತರಿಸಿ ಪರೀಕ್ಷಿಸಿದರು. ರಕ್ತವೇ. ಆದರೆ ಡಬ್ಬಿಯನ್ನು ಅಂದು ಸಂಜೆಗೇ ತಡೆದದ್ದು ದಾರ. ಅಂದಿನಿಂದ ತಾಯಿಗೆ ಹಾಲು ಬಂದ್, ಮಗುವಿಗೆ ಎದೆಹಾಲು ಮುಂದುವರಿಕೆ. "ಇದು ಹಸುವಿನ ಹಾಲಿನ ಅಲರ್ಜಿ ಇರಬಹುದು ಅನ್ನೋದು ನನ್ನ ಅನುಮಾನ, ತೀರ್ಪಲ್ಲ," ಎಂದು ಅವರು ಅಂದೇ ಹೇಳಿದ್ದರು. "ನಾಲ್ಕು ವಾರ ಬಿಟ್ಟು ನೋಡೋಣ. ಬಿಟ್ಟಾಗ ಹೋಗಬೇಕು, ಮತ್ತೆ ಕುಡಿದಾಗ ಬರಬೇಕು. ಆಗ ಒಪ್ಪೋಣ."

ಅತ್ತೆಯವರು ಒಪ್ಪಲು ತಯಾರಿರಲಿಲ್ಲ. ಖುದ್ದಾಗಿ ಬಂದು ಡಾಕ್ಟರ ಎದುರು ಕೂತರು. "ಅಲ್ಲ ಡಾಕ್ಟ್ರೇ, ಹಾಲು ಕುಡಿಯದೆ ಬಾಣಂತಿಗೆ ಹಾಲು ಎಲ್ಲಿಂದ ಬರಬೇಕು?"

"ಹಸು ಹಾಲು ಕುಡಿಯುತ್ತಾ ಅಮ್ಮ? ಹುಲ್ಲು ತಿನ್ನುತ್ತೆ."

"ಹಾಗಾದ್ರೆ ನನ್ನ ಸೊಸೆಗೆ ಹುಲ್ಲು ಹಾಕಲಾ?"

ಹುಲ್ಲು ಬೇಕಾಗಲಿಲ್ಲ. ಕಾಳು, ಸೊಪ್ಪು, ಎಳ್ಳು, ಸುಣ್ಣದಂಶದ ಮಾತ್ರೆ ಸಾಕಾಯಿತು. ಹತ್ತು ದಿನದಲ್ಲಿ ಹಳದಿ ದಾರದ ಗಂಟುಗಳು ಇಳಿದವು. ಮೂರಿದ್ದದ್ದು ಎರಡು, ಒಂದು, ಸೊನ್ನೆ. ಆದರೆ ಸೊನ್ನೆ ನಿಲ್ಲಲಿಲ್ಲ. ಮೂರು ದಿನ ಏನೂ ಇಲ್ಲ, ನಾಲ್ಕನೆಯ ದಿನ ಒಂದು. ಮತ್ತೆ ಮೂರು ದಿನ ಇಲ್ಲ, ಮತ್ತೊಂದು. ಡಾಕ್ಟರಮ್ಮ ಅನುಮಾನವನ್ನೇ ಅನುಮಾನಿಸತೊಡಗಿದರು. ಬೇರೆ ಏನಾದರೂ ಇರಬಹುದೇ? ಮೊಟ್ಟೆ? ಸೋಯಾ? ಶೆಲ್ಫಿನ ಮೇಲಿನ ಡಬ್ಬಿ ಮತ್ತೆ ಮಾತಿಗೆ ಬಂತು.

ದಾರವನ್ನು ಮೇಜಿನ ಮೇಲೆ ಹರವಿ ಸೋಪಕ್ಕ ಸುಮಾರು ಹೊತ್ತು ಬೆರಳು ಹಾಯಿಸಿದರು. ನಂತರ ಬುಟ್ಟಿ ತಂದ ತಾಯಿಯನ್ನು ಕೇಳಿದರು, "ನಾಲ್ಕು ದಿನಕ್ಕೊಂದು ಸಲ ನಿಮ್ಮನೇಲಿ ಏನಮ್ಮ ಮಾಡ್ತಾರೆ?"

ಮಾಡುತ್ತಿದ್ದದ್ದು ಸೂಪು. ಸೊಸೆ ಬಡವಾಗುತ್ತಿದ್ದಾಳೆಂದು ನಾಲ್ಕು ದಿನಕ್ಕೊಮ್ಮೆ ಅತ್ತೆ ತರಕಾರಿಯ ಗಟ್ಟಿ ಸೂಪು ಮಾಡಿಕೊಡುತ್ತಿದ್ದರು. ಗಟ್ಟಿ ಹೇಗೆ ಬರುತ್ತಿತ್ತು? ವಿಚಾರಣೆ ಡಾಕ್ಟರ ಕೋಣೆಯಲ್ಲೇ ನಡೆಯಿತು. "ಒಂದೆರಡು ಚಮಚ ಕೆನೆ ಹಾಕ್ತೀನಿ," ಎಂದರು ಅತ್ತೆ, ಯಾವ ಅಳುಕೂ ಇಲ್ಲದೆ. "ಹಾಲು ಕೊಡಬೇಡಿ ಅಂದ್ರಿ. ಹಾಲು ಒಂದು ತೊಟ್ಟು ಕೊಟ್ಟಿಲ್ಲ. ಕೆನೆ ಹಾಲಲ್ಲವಲ್ಲ ಡಾಕ್ಟ್ರೇ, ಹಾಲಿನ ಮೇಲಿರೋದು."

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರಂತೆ. ಅತ್ತೆಯ ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಹಾಲು ಬಂದ್ ಎಂದವರು ಹಾಲಿನ ನೆಂಟರಿಷ್ಟರ ಪಟ್ಟಿಯನ್ನು ಕೊಟ್ಟಿರಲಿಲ್ಲ. ಆ ಪಟ್ಟಿಯನ್ನು ಅಂದು ಅತ್ತೆಯ ಕೈಯಲ್ಲೇ ಬರೆಸಲಾಯಿತು. ಬೆಣ್ಣೆ, ತುಪ್ಪ, ಕೆನೆ, ಮೊಸರು, ಹಾಲಿನ ಪುಡಿ, ಅದಿರುವ ಬ್ರೆಡ್ಡು ಬಿಸ್ಕತ್ತು. ಅಡುಗೆಮನೆಯ ಗೋಡೆಗೆ ಅಂಟಿಸಿದ ಮೇಲೆ ಅದಕ್ಕೆ ಅತ್ತೆಯಷ್ಟು ಕಟ್ಟುನಿಟ್ಟಿನ ಕಾವಲುಗಾರರು ಇನ್ನೊಬ್ಬರು ಸಿಗಲಿಲ್ಲ. ಬಾಗಿಲಿಗೆ ಬಂದ ನೆಂಟರ ಕೈಚೀಲವನ್ನೂ ತಪಾಸಣೆ ಮಾಡುತ್ತಿದ್ದರೆಂದು ಸೊಸೆ ಹೇಳುತ್ತಾಳೆ. ಡಬ್ಬಿಯ ಪುಡಿ ಹಾಳಾಗಬಾರದೆಂದು ತಾವೇ ಚಹಾಕ್ಕೆ ಹಾಕಿಕೊಂಡು ಮುಗಿಸಿದರು. ಖಾಲಿ ಡಬ್ಬಿ ಈಗ ಆಸ್ಪತ್ರೆಯ ತಾರಸಿಯ ಮೇಲಿದೆ, ಬಟ್ಟೆಯ ಕ್ಲಿಪ್ಪು ತುಂಬಿಡಲು.

ಗಂಟುಗಳು ನಿಂತವು. ಮಗು ಕಾಲು ಚಾಚಿ ಮಲಗಿತು, ಕೆನ್ನೆಯ ಪಟ್ಟೆ ಮಾಸಿತು, ತೂಕದ ಮುಳ್ಳು ಮೇಲೆ ಹತ್ತಿತು. ನಾಲ್ಕು ವಾರ ತುಂಬಿದ ದಿನ ಡಾಕ್ಟರಮ್ಮ ಹೇಳಿದ ಮಾತು ಮಾತ್ರ ಯಾರಿಗೂ ಹಿಡಿಸಲಿಲ್ಲ. ಈಗ ಹಾಲು ಕುಡಿದು ನೋಡಿ.

"ಒಗೆದು ಒಣಗಿಸಿ ಮಡಿಸಿಟ್ಟ ಬಟ್ಟೇನ ಮತ್ತೆ ಕೆಸರಿಗೆ ಹಾಕಿ ಒಗೆದು ತೋರಿಸು ಅಂದ ಹಾಗಾಯ್ತು," ಎನ್ನುತ್ತಾರೆ ಸೋಪಕ್ಕ. "ನಾನು ಕೇಳೇ ಬಿಟ್ಟೆ. ಯಾಕೆ ಡಾಕ್ಟ್ರಮ್ಮ, ಚೆನ್ನಾಗಿದೆಯಲ್ಲ ಮಗು? ಅದಕ್ಕೆ ಅವರು, ಸೋಪಕ್ಕ, ತಾನಾಗೇ ವಾಸಿಯಾಗಿದ್ರೆ? ಸುಮ್ಮನೆ ಒಂದು ವರ್ಷ ಆ ತಾಯಿಯ ಬಾಯಿ ಕಟ್ಟೋದು ಸರೀನಾ ಅಂದ್ರು. ಅದೂ ನ್ಯಾಯವೇ." ತಾಯಿ ಕಣ್ಣು ಮುಚ್ಚಿಕೊಂಡು ಹಾಲು ಕುಡಿದಳು. ಮೂರನೆಯ ಬೆಳಗು ಸೋಪಕ್ಕ ಇದೇ ಕಿಟಕಿಯ ಕೆಳಗೆ ಹಳದಿ ದಾರಕ್ಕೆ ಎರಡು ಗಂಟು ಹಾಕಿದರು. ಅನುಮಾನ ತೀರ್ಪಾಯಿತು. ಹಾಲು ಮತ್ತೆ ಬಂದ್ ಆಯಿತು, ಈ ಸಲ ಯಾರ ತಕರಾರೂ ಇಲ್ಲದೆ.

ಎರಡು ತಿಂಗಳಾದ ಮೇಲೆ ನಿಲ್ಲಬೇಕಿದ್ದ ಬುಟ್ಟಿ ನಿಲ್ಲಲಿಲ್ಲ. ಮೇಲಿನವರು ಕೇಳಿದರೆ ಡಾಕ್ಟರ ಅಪ್ಪಣೆ ಎಂದು ಸೋಪಕ್ಕ ಹೇಳುತ್ತಿದ್ದರು. ಡಾಕ್ಟರಮ್ಮನನ್ನು ಕೇಳಿದರೆ ಸೋಪಕ್ಕನ ಅಪ್ಪಣೆ ಎನ್ನುತ್ತಿದ್ದರು. ಗಂಟಿರಲಿ ಬಿಡಲಿ, ಹಳದಿ ಬುಟ್ಟಿಯ ಬಟ್ಟೆಯನ್ನು ಬೇರೆ ತೊಟ್ಟಿಯಲ್ಲಿ ತಣ್ಣೀರಿಗೇ ಹಾಕುತ್ತಾ ಬಂದರು. ಕಣ್ಣಿಗೆ ಕಾಣದ್ದು ನೀರಿಗಾದರೂ ಕಾಣಲಿ ಎಂದು. ನಾದಿನಿ ಅದಕ್ಕೆ ತಣ್ಣೀರಿನ ಬುಟ್ಟಿ ಎಂದು ಹೆಸರಿಟ್ಟಳು.

ಆ ಶುಕ್ರವಾರದಿಂದ ಕೋಣೆಯ ನಿಯಮ ಬದಲಾಗಿದೆ. ಮೊದಲು ನೋಡುವುದು, ಕೇಳುವುದು, ಆಮೇಲೆ ಒಗೆಯುವುದು. ಅನುಮಾನ ಬಂದ ಬಟ್ಟೆಯನ್ನು ಸೋಪಕ್ಕ ಹಾಗೇ ಮಡಿಸಿ ಡಾಕ್ಟರ ಕೋಣೆಗೆ ಕೊಟ್ಟು ಬರುತ್ತಾರೆ. ಈ ಹತ್ತು ತಿಂಗಳಲ್ಲಿ ಹಾಗೆ ನಾಲ್ಕು ಸಲ ಹೋಗಿದ್ದಾರೆ. ಎರಡು ಮಕ್ಕಳಿಗೆ ಬರಿಯ ಸಣ್ಣ ಸೀಳು, ಮುಲಾಮಿಗೆ ಹೋಯಿತು. ಒಂದು ಮಗುವಿಗೆ ಹಾಲಿನದೇ ತೊಂದರೆ, ಅದರ ತಾಯಿ ಈಗ ಪಥ್ಯದಲ್ಲಿದ್ದಾಳೆ. ನಾಲ್ಕನೆಯದು, ಮಗುವಿನ ಮೂರು ವರ್ಷದ ಅಕ್ಕ ತಮ್ಮನ ಬಟ್ಟೆಯ ಮೇಲೆ ಕ್ರೇಯಾನಿನಲ್ಲಿ ಬರೆದ ಕೆಂಪು ಹೂವು. ಹಜಾರವೆಲ್ಲ ಒಂದು ವಾರ ನಕ್ಕಿತು.

"ನಗಲಿ ಬಿಡಿ," ಎನ್ನುತ್ತಾರೆ ಸೋಪಕ್ಕ. "ಬಣ್ಣದ ಕಡ್ಡಿಗೆ ಓಡಿದ್ರೆ ಎಲ್ಲರೂ ನಗ್ತಾರೆ. ರಕ್ತಕ್ಕೆ ಓಡದೆ ಇದ್ರೆ ಯಾರು ನಗ್ತಾರೆ?"

ಏಳು ಗಂಟೆಗೆ ಮೂವತ್ತೇಳು ಬುಟ್ಟಿ ಮುಗಿಯುತ್ತವೆ. ಎರಡಕ್ಕೆ ಗಂಟು ಬಿದ್ದಿದೆ, ಎರಡೂ ಹೊಕ್ಕುಳಿನವು. ಬಾಗಿಲಲ್ಲಿ ಯಾರೋ ಕೆಮ್ಮುತ್ತಾರೆ. ಹಳದಿಯ ತಾಯಿ, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಾಳೆ. ಹಿಂದೆ ಅತ್ತೆ, ಕನ್ನಡಕ ಹಾಕಿಕೊಂಡು. ಸಾಮಾನ್ಯವಾಗಿ ಬುಟ್ಟಿ ಇಟ್ಟು ಹೋಗುವವರು ಇವತ್ತು ಹೋಗಿಲ್ಲ, ಹೊರಗೆ ಬೆಂಚಿನ ಮೇಲೆ ಕೂತಿದ್ದರು.

"ನೋಡಿದ್ರಾ ಸೋಪಕ್ಕ?"

"ಈಗ ನೋಡ್ತೀನಿ. ಬೆಳಕಿಗೆ ಅಡ್ಡ ನಿಲ್ಲಬೇಡಿ."

ಹನ್ನೊಂದು ಬಟ್ಟೆ. ಒಂದೊಂದನ್ನೂ ಬಿಡಿಸಿ, ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ಹಿಡಿದು ಪಕ್ಕಕ್ಕಿಡುತ್ತಾರೆ. ಹಂಡೆಯ ಕಡೆಯಿಂದ ನಾದಿನಿ ಕೂಡ ಬಟ್ಟೆ ಕಲಕುವ ಕೋಲು ಹಿಡಿದೇ ಬಂದು ನಿಲ್ಲುತ್ತಾಳೆ. ಎಂಟು. ಒಂಬತ್ತು. ಹತ್ತನೆಯದನ್ನು ಹಿಡಿದ ಕೈ ಕೆಳಗಿಳಿಯುವುದಿಲ್ಲ. ಅಂಚಿನಲ್ಲಿ ಕೆಂಬಣ್ಣದ ಒಂದು ಗೆರೆ. ತಾಯಿ ಮಗುವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಾಳೆ.

ಸೋಪಕ್ಕ ಚೊಂಬಿನಿಂದ ತಣ್ಣೀರು ತೆಗೆದು ಎರಡು ಹನಿ ಬಿಡುತ್ತಾರೆ. ಕಾಯುತ್ತಾರೆ. ಬೆರಳಿನಿಂದ ಮೆಲ್ಲಗೆ ಉಜ್ಜುತ್ತಾರೆ. ಗೆರೆ ಅಲುಗುವುದಿಲ್ಲ. ಸಣ್ಣ ಒಂದು ನಾರು ಮಾತ್ರ ಬೆರಳಿಗೆ ಅಂಟಿಕೊಂಡು ಬರುತ್ತದೆ. ಅದನ್ನು ಕಿಟಕಿಗೆ ಹಿಡಿದು ನೋಡುತ್ತಾರೆ.

"ಕ್ಯಾರೆಟ್," ಎನ್ನುತ್ತಾರೆ.

"ನಾನೇ ತಿನ್ನಿಸಿದ್ದು!" ಹಿಂದಿನಿಂದ ಅತ್ತೆಯ ದನಿ. "ನಿನ್ನೆ ಬೆಳಿಗ್ಗೆ, ಬೇಯಿಸಿ, ಕಿವುಚಿ. ಈ ಸಲ ಮುಂಚೇನೇ ಹೇಳಬೇಕು ಅಂತಿದ್ದೆ, ನೀವು ಮಾತಾಡೋಕೇ ಬಿಡಲಿಲ್ಲ."

ತಾಯಿ ನಗಲು ಹೋಗಿ ಗೋಡೆಗೆ ಒರಗುತ್ತಾಳೆ. ಕಣ್ಣಲ್ಲಿ ನೀರಿದೆ. "ಇದು ಸಂತೋಷಕ್ಕೇನಾ, ಅಥವಾ ನಾನು ಮತ್ತೆ ಏನಾದ್ರೂ ಒಗೆದುಬಿಟ್ನಾ?" ಎಂದು ಸೋಪಕ್ಕ ಕೇಳುತ್ತಾರೆ. ಹನ್ನೊಂದನೆಯದನ್ನೂ ಬಿಡದೆ ನೋಡುತ್ತಾರೆ. ಏನೂ ಇಲ್ಲ. ಮಗು ಕೈ ಚಾಚಿ ಮೇಜಿನ ಮೇಲಿದ್ದ ಹಳದಿ ದಾರವನ್ನು ಎಳೆದುಕೊಂಡು ಬಾಯಿಗಿಡುತ್ತದೆ. ಹೊಸ ದಾರ, ಈ ಹದಿನಾಲ್ಕು ದಿನಕ್ಕೆಂದೇ ಕಟ್ಟಿದ್ದು. ಉದ್ದಕ್ಕೂ ನುಣುಪು.

"ಡಾಕ್ಟರಮ್ಮನಿಗೆ ನೀವೇ ಹೋಗಿ ಹೇಳಿ. ನಾನು ಬಂದ್ರೆ ನೆಲ ಒದ್ದೆಯಾಗುತ್ತೆ, ಆ ನೆಲ ಒರೆಸೋಳು ಇನ್ನೂ ಬೈತಾಳೆ," ಎಂದು ಮೂವರನ್ನೂ ಸಾಗಹಾಕುತ್ತಾರೆ.

ನಿಮಗೇನಾದರೂ ಆಸೆ ಇದೆಯೇ ಎಂಬ ಪ್ರಶ್ನೆಗೆ ಗುಂಪುಚಿತ್ರ ನೆನಪಾಗಬಹುದೆಂದು ನಿರೀಕ್ಷಿಸಿದರೆ, ಸೋಪಕ್ಕ ತಲೆಯೆತ್ತಿ ಕಿಟಕಿ ನೋಡುತ್ತಾರೆ. ಎಂದೋ ಗೋಡೆಗೆ ಬಣ್ಣ ಹೊಡೆದವರು ಗಾಜಿನ ಮೇಲಿನ ಅರ್ಧಕ್ಕೂ ಹೊಡೆದು ಹೋಗಿದ್ದಾರೆ. "ಆ ಬಣ್ಣ ಕೆರೆಸಿಕೊಟ್ರೆ ಸಾಕು. ಗಾಜು ನಮ್ಮ ವಿಭಾಗದ್ದಲ್ಲ, ಮುಟ್ಟಬೇಡಿ ಅಂತಾರೆ. ಕೆರೆದ್ರೆ ಈ ಕೋಣೆಗೆ ಹತ್ತು ನಿಮಿಷ ಮುಂಚೆ ಬೆಳಗಾಗುತ್ತೆ."

ಹಾಗೆಂದು ಹನ್ನೊಂದು ಬಟ್ಟೆಯನ್ನೂ ಬುಟ್ಟಿಗೆ ತುಂಬಿ ನಾದಿನಿಯ ಕಾಲ ಬಳಿ ಇಡುತ್ತಾರೆ. ನಾದಿನಿ ಅಭ್ಯಾಸಬಲದಿಂದ ಅದನ್ನೆತ್ತಿಕೊಂಡು ತಣ್ಣೀರಿನ ತೊಟ್ಟಿಯ ಕಡೆ ಹೊರಡುತ್ತಾಳೆ.

"ಆ ಕಡೆ ಎಲ್ಲಿಗೇ? ಹಂಡೆಗೆ ಹಾಕು."

"ಹಳದೀನಾ? ಬಿಸಿನೀರಿಗಾ?"

"ಹೂಂ," ಎನ್ನುತ್ತಾರೆ ಸೋಪಕ್ಕ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ. "ಎಲ್ಲರ ಜೊತೆಗೇ ಹಾಕು. ಅದೀಗ ಎಲ್ಲರ ಹಾಗೇ."